ಆವರ್ತ ಸಾಲ ಮತ್ತು ರೈತ: ಕಿಸಾನ್ ಕ್ರೆಡಿಟ್ ಕಾರ್ಡನ್ನು ಬಳಸುವ ಬಗೆ

ಬೇಸಾಯಕ್ಕೆ ಬೇಕಾದ ಹಣವೆಲ್ಲ ಒಂದೇ ದಿನ ಬೇಕಾಗುವುದಿಲ್ಲ. ಉಳುಮೆಗೆ ಮತ್ತು ಬಿತ್ತನೆ ಬೀಜಕ್ಕೆ ಮೊದಲು ಬೇಕು. ಮೇಲುಗೊಬ್ಬರಕ್ಕೆ, ಕಳೆ ತೆಗೆಯುವ ಆಳುಗಳ ಕೂಲಿಗೆ ಆಮೇಲೆ ಬೇಕು. ರೋಗ ಬಂದರೆ ಔಷಧಿಗೆ ಬೇಕು, ಕೊನೆಗೆ ಕೊಯ್ಲಿಗೆ ಬೇಕು. ಆದಾಯವೂ ಹಾಗೆಯೇ. ರಾಗಿ ಬೆಳೆದವರಿಗೆ ವರ್ಷಕ್ಕೊಮ್ಮೆ ಹಣ ಬಂದರೆ, ಸೊಪ್ಪು ಮತ್ತು ಹೂವು ಬೆಳೆದವರಿಗೆ ಮಾರುಕಟ್ಟೆಗೆ ಹೋದಾಗಲೆಲ್ಲ ಬರುತ್ತದೆ. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯ ದಿನ ಬರುತ್ತದೆ. ಖರ್ಚು ಬೀಳುವ ದಿನವೂ ಆದಾಯ ಬರುವ ದಿನವೂ ಒಂದೇ ಆಗುವುದು ಅಪರೂಪ. ಈ ಅಂತರವನ್ನು ತುಂಬಲೆಂದೇ ಆವರ್ತ ಸಾಲ ಎಂಬ ಏರ್ಪಾಡು ಇದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲವು ಇದೇ ಜಾತಿಗೆ ಸೇರಿದ್ದು.

ಆದರೆ ಕಾರ್ಡು ಪಡೆದ ರೈತರಲ್ಲಿ ಅನೇಕರು ಇದನ್ನು ಹಳೆಯ ಬೆಳೆ ಸಾಲದಂತೆಯೇ ಬಳಸುತ್ತಾರೆ. ಮಂಜೂರಾದ ದಿನವೇ ಪೂರ್ತಿ ಹಣ ತೆಗೆಯುವುದು, ವರ್ಷದ ಕೊನೆಗೆ ಪರದಾಡಿ ಒಮ್ಮೆಲೇ ಕಟ್ಟುವುದು, ಮರುದಿನ ಮತ್ತೆ ಪೂರ್ತಿ ತೆಗೆಯುವುದು ರೂಢಿಯಾಗಿದೆ. ಇದರಿಂದ ರೈತನಿಗೆ ಆಗುವ ನಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕಿ ತೋರಿಸುವುದು ಈ ಲೇಖನದ ಉದ್ದೇಶ.

ಆವರ್ತ ಸಾಲವೆಂದರೇನು?

ಟ್ರ್ಯಾಕ್ಟರ್ ಸಾಲ ಅಥವಾ ಕೊಳವೆಬಾವಿ ಸಾಲದಲ್ಲಿ ಹಣ ಒಮ್ಮೆ ಬರುತ್ತದೆ, ಕಂತು ಕಂತಾಗಿ ಹಿಂದಕ್ಕೆ ಹೋಗುತ್ತದೆ. ಕಟ್ಟಿದ ಕಂತು ಮತ್ತೆ ನಮ್ಮ ಕೈಗೆ ಬಾರದು. ಆವರ್ತ ಸಾಲದಲ್ಲಿ ಬ್ಯಾಂಕು ಮೊದಲಿಗೆ ಹಣ ಕೊಡುವುದಿಲ್ಲ, ಒಂದು ಮಿತಿಯನ್ನು ಗೊತ್ತುಮಾಡಿ ಕೊಡುತ್ತದೆ. ಆ ಮಿತಿಯೊಳಗೆ ಬೇಕಾದಾಗ ತೆಗೆಯಬಹುದು, ಬಂದಾಗ ಕಟ್ಟಬಹುದು, ಕಟ್ಟಿದ್ದನ್ನು ಮತ್ತೆ ತೆಗೆಯಬಹುದು. ಸ್ತ್ರೀಶಕ್ತಿ ಸಂಘಗಳ ಸದಸ್ಯರಿಗೆ ‘ಸುತ್ತುನಿಧಿ’ ಎಂಬ ಮಾತು ಪರಿಚಿತವಾದದ್ದೇ. ಹಣವು ಸುತ್ತಿ ಬರಬೇಕು ಎಂಬ ತತ್ವ ಎರಡರಲ್ಲಿಯೂ ಒಂದೇ.

ಬೆಂಗಳೂರು ಪೂರ್ವ ತಾಲ್ಲೂಕಿನ ಬೆಳ್ಳಂದೂರು, ವರ್ತೂರು ಕಡೆಯ ಹಳೆಯ ಒಕ್ಕಲು ಮನೆಯವರಿಗೆ ಇದನ್ನು ಕೆರೆಯ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಮೇಲಿನ ಕೆರೆಗಳ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೆರೆ ತುಂಬಿತೆಂದು ತೂಬನ್ನು ಪೂರ್ತಿ ಎತ್ತಿ ಗದ್ದೆಗೆ ಬಿಟ್ಟುಬಿಡುವ ನೀರಗಂಟಿ ಯಾವ ಊರಿನಲ್ಲೂ ಇರಲಿಲ್ಲ. ಪೈರಿಗೆ ಬೇಕಾದಷ್ಟು ಬಿಡುತ್ತಿದ್ದ, ಮಳೆ ಬಂದಾಗ ಕೆರೆ ಮತ್ತೆ ತುಂಬುತ್ತಿತ್ತು. ಕೋಡಿಯ ಮಟ್ಟವನ್ನು ಸಾಲದ ಮಿತಿ ಎಂದೂ, ತೂಬಿನಿಂದ ಬಿಡುವ ನೀರನ್ನು ನಾವು ತೆಗೆಯುವ ಹಣವೆಂದೂ, ಒಳಹರಿವನ್ನು ನಾವು ಕಟ್ಟುವ ಹಣವೆಂದೂ ತಿಳಿಯಬಹುದು. ಒಂದು ವ್ಯತ್ಯಾಸ ಮಾತ್ರ ಇದೆ. ಕೆರೆಯಿಂದ ಹೊರಬಿಟ್ಟ ನೀರಿಗೆ ಬಡ್ಡಿಯಿಲ್ಲ, ಇಲ್ಲಿ ಹೊರಗಿರುವ ಪ್ರತಿ ರೂಪಾಯಿಗೂ ಪ್ರತಿ ದಿನ ಬಡ್ಡಿ ಓಡುತ್ತದೆ. (2015ರಲ್ಲಿ ಮತ್ತು 2017ರಲ್ಲಿ ಬೆಂಕಿ ಹತ್ತಿಕೊಂಡ ಬೆಳ್ಳಂದೂರು ಕೆರೆಯನ್ನು ಈಗ ಬೇಸಾಯದ ಉದಾಹರಣೆಗೆ ತರುವುದು ಕಷ್ಟವೇ. ಆದರೂ ಅದರ ಕೆಳಗೆ ಗದ್ದೆ ಮಾಡಿದವರು ಇನ್ನೂ ಇದ್ದಾರೆ.)

ವರ್ತಕರಿಗೆ ಈ ಅನುಕೂಲ ಬಹಳ ಹಿಂದಿನಿಂದಲೂ ಇದೆ. 1728ರಲ್ಲಿಯೇ ಎಡಿನ್‌ಬರೋ ನಗರದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ವಿಲಿಯಂ ಹಾಗ್ ಎಂಬ ವರ್ತಕನಿಗೆ ಅವನ ಖಾತೆಯಲ್ಲಿದ್ದುದಕ್ಕಿಂತ 1,000 ಪೌಂಡುಗಳವರೆಗೆ ಹೆಚ್ಚು ತೆಗೆಯಲು ಅವಕಾಶ ಕೊಟ್ಟಿತ್ತು. ನಮ್ಮ ಪೇಟೆಗಳ ಅಂಗಡಿಯವರು ಓ.ಡಿ., ಸಿ.ಸಿ. ಎಂದು ಕರೆಯುವುದು ಇದನ್ನೇ. ರೈತನ ವಿಷಯ ಬೇರೆಯಾಗಿತ್ತು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿ ಸಾಹುಕಾರನ ಹಿಡಿತ ಸಡಿಲವಾಯಿತಾದರೂ, ಬೆಳೆ ಸಾಲಕ್ಕೆ ಪ್ರತಿ ಹಂಗಾಮಿನಲ್ಲಿಯೂ ಹೊಸ ಅರ್ಜಿ, ಹೊಸ ಕಾಗದಪತ್ರ ಎಂಬ ಪದ್ಧತಿ ಬಹುಕಾಲ ಉಳಿಯಿತು. ಆರ್.ವಿ. ಗುಪ್ತ ಸಮಿತಿಯ ಶಿಫಾರಸಿನ ಮೇಲೆ 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂದ ಮೇಲೆಯೇ ವರ್ತಕನಿಗಿದ್ದ ಸೌಲಭ್ಯ ರೈತನಿಗೂ ಸಿಕ್ಕಿತು. 2012ರಲ್ಲಿ ಯೋಜನೆಯನ್ನು ಪರಿಷ್ಕರಿಸಿ, ಐದು ವರ್ಷಗಳ ಮಿತಿ ಮತ್ತು ಎ.ಟಿ.ಎಂ.ನಲ್ಲಿ ಬಳಸುವ ಕಾರ್ಡಿನ ಏರ್ಪಾಡನ್ನು ಸೇರಿಸಲಾಯಿತು.

ಮಿತಿಯನ್ನು ಗೊತ್ತುಮಾಡುವ ಕ್ರಮ

ಪ್ರತಿ ಜಿಲ್ಲೆಯಲ್ಲಿಯೂ ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಎಂಬ ಪ್ರಮಾಣವನ್ನು ತಾಂತ್ರಿಕ ಸಮಿತಿಯೊಂದು ಗೊತ್ತುಮಾಡುತ್ತದೆ. ಅದನ್ನು ನೀವು ಬೆಳೆಯುವ ವಿಸ್ತೀರ್ಣದಿಂದ ಗುಣಿಸುತ್ತಾರೆ. ಹೀಗೆ ಬಂದ ಮೊತ್ತ 1,00,000 ರೂ. ಎಂದಿಟ್ಟುಕೊಳ್ಳಿ. ಕೊಯ್ಲೋತ್ತರ ಮತ್ತು ಮನೆ ಖರ್ಚಿಗೆಂದು ಶೇಕಡಾ 10, ಪಂಪ್‌ಸೆಟ್ಟು ಮುಂತಾದ ಕೃಷಿ ಆಸ್ತಿಗಳ ದುರಸ್ತಿಗೆಂದು ಶೇಕಡಾ 20 ಇದಕ್ಕೆ ಸೇರಿ 1,30,000 ರೂ. ಆಗುತ್ತದೆ. ಬೆಳೆ ವಿಮೆಯ ಕಂತು ಇದ್ದರೆ ಅದೂ ಸೇರುತ್ತದೆ. ಮುಂದಿನ ಪ್ರತಿ ವರ್ಷ ಖರ್ಚು ಏರುವುದನ್ನು ಲೆಕ್ಕ ಹಿಡಿದು ಶೇಕಡಾ 10ರಷ್ಟು ಹೆಚ್ಚಿಸುತ್ತಾರೆ. ಹಾಗೆ ಐದನೆಯ ವರ್ಷಕ್ಕೆ ಮಿತಿ ಸುಮಾರು 1,90,000 ರೂ. ಮುಟ್ಟುತ್ತದೆ. ಕಾಗದಪತ್ರಗಳನ್ನು ಮೊದಲ ವರ್ಷವೇ ಈ ಕೊನೆಯ ಮೊತ್ತಕ್ಕೆ ಬರೆಸಿಕೊಳ್ಳುವುದರಿಂದ, ನಡುವಿನ ವರ್ಷಗಳಲ್ಲಿ ಬೆಳೆಯ ವಿವರ ಬರೆದುಕೊಟ್ಟರೆ ಸಾಕಾಗುತ್ತದೆ.

ಜಮೀನಿನ ಅಡಮಾನವಿಲ್ಲದೆ ಕೊಡಬಹುದಾದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕು 1-1-2025ರಿಂದ 1.60 ಲಕ್ಷದಿಂದ 2 ಲಕ್ಷ ರೂ.ಗಳಿಗೆ ಏರಿಸಿದೆ. ಮೇಲಿನ ಉದಾಹರಣೆಯ ರೈತ ಐದನೆಯ ವರ್ಷದಲ್ಲಿಯೂ ಆ ಮಿತಿಯೊಳಗೇ ಇರುತ್ತಾನೆ. ಆದ್ದರಿಂದ ಕಾಗದಕ್ಕೆ ಸಹಿ ಹಾಕುವ ಮೊದಲು ಅಡಮಾನ ಏಕೆ ಬೇಕೆಂದು ಕೇಳುವ ಹಕ್ಕು ಅವನಿಗಿದೆ.

ಅಣ್ಣ ತಮ್ಮಂದಿರ ಲೆಕ್ಕ

ಬಡ್ಡಿಯನ್ನು ಮಿತಿಯ ಮೇಲೆ ಹಾಕುವುದಿಲ್ಲ. ತೆಗೆದು ಬಾಕಿ ಇರುವ ಹಣದ ಮೇಲೆ, ಬಾಕಿ ಇರುವಷ್ಟು ದಿನಗಳಿಗೆ ಮಾತ್ರ ಹಾಕುತ್ತಾರೆ. ಇದೊಂದು ವಿಷಯ ಮನಸ್ಸಿನಲ್ಲಿ ನಿಂತರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಭಾಗವಾದ ಅಣ್ಣ ತಮ್ಮಂದಿರಿಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಬ್ಬರಿಗೂ ಸಮಪಾಲು ಜಮೀನು, ಇಬ್ಬರಿಗೂ 1,20,000 ರೂ. ಮಿತಿ, ಬಡ್ಡಿ ಶೇಕಡಾ 7. ಅಣ್ಣ ಜೂನ್ 1ರಂದು ಪೂರ್ತಿ ಹಣ ತೆಗೆದು ಫೆಬ್ರವರಿ 1ರಂದು ಪೂರ್ತಿ ಕಟ್ಟುತ್ತಾನೆ. 245 ದಿನಗಳಿಗೆ ಅವನ ಬಡ್ಡಿ 5,638 ರೂ.

ತಮ್ಮ ಜೂನ್ 1ರಂದು ಬೀಜ ಗೊಬ್ಬರಕ್ಕೆ 50,000 ರೂ. ಮಾತ್ರ ತೆಗೆಯುತ್ತಾನೆ. ಆಗಸ್ಟ್ 1ರಂದು 40,000, ಅಕ್ಟೋಬರ್ 1ರಂದು 30,000 ತೆಗೆಯುತ್ತಾನೆ. ನವೆಂಬರ್ 1ರಂದು ಹೂವಿನ ಹಣ 40,000 ರೂ. ಬಂದದ್ದನ್ನು ಖಾತೆಗೆ ಕಟ್ಟುತ್ತಾನೆ. ಉಳಿದ 80,000 ರೂ.ಗಳನ್ನು ಅಣ್ಣನಂತೆಯೇ ಫೆಬ್ರವರಿ 1ರಂದು ತೀರಿಸುತ್ತಾನೆ. ಅವನ ಬಾಕಿ ಮೊದಲ 61 ದಿನ 50,000, ಮುಂದಿನ 61 ದಿನ 90,000, ಆಮೇಲಿನ 31 ದಿನ 1,20,000, ಕೊನೆಯ 92 ದಿನ 80,000 ರೂ. ಇವನ್ನು ಕೂಡಿದರೆ ಬಡ್ಡಿ 3,763 ರೂ. ಬರುತ್ತದೆ. ಇಬ್ಬರೂ ಬೇಸಾಯಕ್ಕೆ ಹಾಕಿದ ಹಣ ಒಂದೇ, ಕೊನೆಗೆ ತೀರಿಸಿದ ದಿನವೂ ಒಂದೇ. ಆದರೂ ಅಣ್ಣ 1,875 ರೂ. ಹೆಚ್ಚು ಕೊಟ್ಟಿದ್ದಾನೆ.

ಅಣ್ಣನ ನಷ್ಟ ಬಡ್ಡಿಯೊಂದೇ ಅಲ್ಲ. ಕೈಯಲ್ಲಿರುವ ಹಣಕ್ಕೆ ನೂರೆಂಟು ದಾರಿ. ಅಕ್ಟೋಬರಿನ ಗೊಬ್ಬರಕ್ಕೆಂದು ಜೂನ್‌ನಲ್ಲಿ ತಂದಿಟ್ಟ ಹಣ ಅಕ್ಟೋಬರಿನವರೆಗೆ ಟ್ರಂಕಿನಲ್ಲಿ ಉಳಿದದ್ದನ್ನು ಕಂಡವರು ಕಡಿಮೆ.

ಗಡುವು ತಪ್ಪಿದ ಒಂದು ದಿನದ ಬೆಲೆ

ಅಲ್ಪಾವಧಿ ಬೆಳೆ ಸಾಲಕ್ಕೆ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ 2006-07ರಿಂದ ನಡೆದುಬಂದಿದೆ. 3 ಲಕ್ಷ ರೂ.ಗಳವರೆಗೆ ಶೇಕಡಾ 7ರ ದರ, ಗಡುವಿನೊಳಗೆ ತೀರಿಸಿದವರಿಗೆ ಶೇಕಡಾ 3ರ ವಿನಾಯಿತಿ, ಅಂದರೆ ನಿವ್ವಳ ಶೇಕಡಾ 4 ಎಂಬ ಈ ಕ್ರಮವನ್ನು ಕೇಂದ್ರ ಸಚಿವ ಸಂಪುಟ 2025-26ನೇ ಸಾಲಿಗೂ ಮುಂದುವರಿಸಿತು. 3 ಲಕ್ಷದ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ಘೋಷಣೆ 2025ರ ಫೆಬ್ರವರಿಯ ಮುಂಗಡಪತ್ರದಲ್ಲಿ ಬಂದಿತ್ತು. ನಿಮ್ಮ ಶಾಖೆಯಲ್ಲಿ ಈ ವರ್ಷ ಯಾವ ಮೊತ್ತದವರೆಗೆ ಈ ದರ ಸಿಗುತ್ತದೆ ಎಂಬುದನ್ನು ಸಾಲ ತೆಗೆಯುವ ಮೊದಲೇ ವಿಚಾರಿಸಿ ತಿಳಿಯುವುದು ಒಳ್ಳೆಯದು.

ಶೇಕಡಾ 3ರ ವಿನಾಯಿತಿ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಮೇಲಿನ ತಮ್ಮ ಸರಿಯಾದ ದಿನ ತೀರಿಸಿದರೆ ಅವನ 3,763 ರೂ. ಬಡ್ಡಿಯಲ್ಲಿ 1,613 ರೂ. ಅವನಿಗೆ ಉಳಿಯುತ್ತದೆ. ಗಡುವು ದಾಟಿದ ಮೇಲೆ ಕಟ್ಟಿದರೆ ಅದಷ್ಟೂ ಹೋಗುತ್ತದೆ. ಒಂದು ದಿನ ತಡವಾದರೂ ಅಷ್ಟೇ, ಒಂದು ತಿಂಗಳು ತಡವಾದರೂ ಅಷ್ಟೇ. ಅಲ್ಲಿಂದ ಮುಂದಿನ ದಿನಗಳಿಗೆ ಸಹಾಯಧನವಿಲ್ಲದ, ಬ್ಯಾಂಕಿನ ಸಾಮಾನ್ಯ ಬಡ್ಡಿ ದರ ಬೀಳುತ್ತದೆ. ಅಣ್ಣನ ವಿಷಯದಲ್ಲಿ ಆ ಒಂದು ದಿನದ ಬೆಲೆ 2,416 ರೂ.

ಸಹಕಾರ ಸಂಘದ ಸಾಲಕ್ಕೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ರಾಜ್ಯ ಸರ್ಕಾರ 2023-24ರ ಮುಂಗಡಪತ್ರದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಶೂನ್ಯ ಬಡ್ಡಿ ಎಂಬುದು ಗಡುವಿನವರೆಗಿನ ಮಾತು. ಸುಸ್ತಿದಾರನಾದವನು ಬಡ್ಡಿ ಕೊಡಲೇಬೇಕು.

ಗಡುವನ್ನು ಹೇಗೆ ಎಣಿಸಬೇಕು? 2012ರ ಪರಿಷ್ಕೃತ ಯೋಜನೆಯಲ್ಲಿ ತೆಗೆದ ಯಾವ ಹಣವೂ 12 ತಿಂಗಳಿಗಿಂತ ಹೆಚ್ಚು ಬಾಕಿ ಉಳಿಯಬಾರದು ಎಂದಿದೆ. ಖಾತೆಯ ಬಾಕಿಯನ್ನು ಯಾವುದೋ ಒಂದು ದಿನ ಸೊನ್ನೆಗೆ ತರಲೇಬೇಕೆಂದು ಅದರಲ್ಲಿ ಹೇಳಿಲ್ಲ. ಆದರೂ ಅನೇಕ ಶಾಖೆಗಳು ವರ್ಷಕ್ಕೊಂದು ದಿನ ಗೊತ್ತುಮಾಡಿ ಅಸಲು ಬಡ್ಡಿ ಪೂರ್ತಿ ಕಟ್ಟಿಸಿಕೊಳ್ಳುತ್ತವೆ. ನಿಮ್ಮ ಖಾತೆಗೆ ಯಾವ ದಿನ ಗಡುವು ಎಂಬುದನ್ನು ಮ್ಯಾನೇಜರರಿಂದ ಪಾಸ್ ಪುಸ್ತಕದ ಮೇಲೆಯೇ ಬರೆಸಿಕೊಳ್ಳಿ. ಬಾಯಿ ಮಾತಿನ ಗಡುವನ್ನು ನಂಬಬೇಡಿ.

ಸಾಲ ತಿರುವಿ ಹಾಕುವ ದುಬಾರಿ ರೂಢಿ

ಗಡುವು ಹತ್ತಿರ ಬಂದಾಗ ಕೈಯಲ್ಲಿ ಹಣವಿಲ್ಲದವರು ಲೇವಾದೇವಿಗಾರನಿಂದ ಹತ್ತು ದಿನದ ಮಟ್ಟಿಗೆ ಹಣ ತಂದು ಬ್ಯಾಂಕಿಗೆ ಕಟ್ಟಿ, ನವೀಕರಣವಾದ ಮೇಲೆ ತೆಗೆದು ಅವನಿಗೆ ಕೊಡುವುದುಂಟು. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ನೂರಕ್ಕೆ ತಿಂಗಳಿಗೆ 5 ರೂ. ಬಡ್ಡಿಯಂತೆ 1,20,000 ರೂ.ಗಳಿಗೆ ಹತ್ತು ದಿನಕ್ಕೆ 2,000 ರೂ. ಆಗುತ್ತದೆ. ಹತ್ತು ದಿನವಾದರೂ ತಿಂಗಳೆಂದೇ ಹಿಡಿಯುವವನಾದರೆ 6,000 ರೂ. ಇದರಿಂದ ಉಳಿಸಿಕೊಳ್ಳುವ ವಿನಾಯಿತಿ ಅಣ್ಣನಂಥವನಿಗೂ 2,416 ರೂ.ಗಳಷ್ಟೇ ಎಂಬುದನ್ನು ಮೇಲೆ ನೋಡಿದೆವು. ಇಷ್ಟು ಕೊಟ್ಟ ಮೇಲೂ ಸಾಲ ಒಂದು ರೂಪಾಯಿಯಷ್ಟೂ ಇಳಿದಿರುವುದಿಲ್ಲ.

ಇದನ್ನು ತಪ್ಪಿಸುವ ಉಪಾಯ ಆವರ್ತ ಸಾಲದ ಸ್ವಭಾವದಲ್ಲಿಯೇ ಇದೆ. ಮಾರುಕಟ್ಟೆಯಿಂದ ಬಂದ ಹಣವನ್ನು ಮನೆಯಲ್ಲಿಟ್ಟುಕೊಳ್ಳದೆ ಸಾಲದ ಖಾತೆಗೇ ಹಾಕಬೇಕು. ಹಾಕಿದ್ದು ಹೋಯಿತೆಂದು ಹೆದರಬೇಕಾಗಿಲ್ಲ. ಮುಂದಿನ ವಾರ ಬೇಕಾದರೆ ಅದೇ ಮಿತಿಯೊಳಗೆ ಮತ್ತೆ ತೆಗೆಯಬಹುದು. ಎಷ್ಟು ಬಾರಿ ತೆಗೆದರೂ ಎಷ್ಟು ಬಾರಿ ಕಟ್ಟಿದರೂ ಯೋಜನೆಯಲ್ಲಿ ತಡೆಯಿಲ್ಲ. ಈ ನಡುವೆ ಖಾತೆಯಲ್ಲಿದ್ದಷ್ಟು ದಿನ ಅಷ್ಟು ಹಣಕ್ಕೆ ಬಡ್ಡಿ ನಿಂತಿರುತ್ತದೆ. ಹೀಗೆ ಮಾಡುವವರಿಗೆ ಗಡುವಿನ ದಿನ ಕಟ್ಟಬೇಕಾದದ್ದು ಸ್ವಲ್ಪವೇ ಉಳಿದಿರುತ್ತದೆ.

ಹೈನುಗಾರರಿಗೆ ಇದು ಎಲ್ಲರಿಗಿಂತ ಸುಲಭ. ಪಶುಸಂಗೋಪನೆಗೂ ಮೀನುಗಾರಿಕೆಗೂ ಕಿಸಾನ್ ಕ್ರೆಡಿಟ್ ಕಾರ್ಡನ್ನು ವಿಸ್ತರಿಸುವುದಾಗಿ 2018-19ರ ಮುಂಗಡಪತ್ರದಲ್ಲಿ ಸಾರಿ, ಅನಂತರ ಜಾರಿಗೆ ತರಲಾಯಿತು. ಇದರಲ್ಲಿ ಬಡ್ಡಿ ಸಹಾಯಧನ 2 ಲಕ್ಷ ರೂ.ಗಳವರೆಗೆ ಸಿಗುತ್ತದೆ. ಈ ಸಾಲ ಹಿಂಡಿ, ಬೂಸ, ಮೇವು, ಔಷಧಿ, ಕೂಲಿಯಂತಹ ನಡೆಯುವ ಖರ್ಚಿಗೆ. ಹಸು ಕೊಳ್ಳಲು ಬೇರೆ ಸಾಲವಿದೆ. ಬಟವಾಡೆಯ ಹಣ ನೇರವಾಗಿ ಈ ಖಾತೆಗೇ ಜಮೆಯಾಗುವಂತೆ ಬರೆದುಕೊಟ್ಟರೆ ಬಾಕಿ ಪ್ರತಿ ಬಟವಾಡೆಗೂ ಇಳಿಯುತ್ತದೆ, ಹಿಂಡಿ ತರುವ ದಿನ ಏರುತ್ತದೆ. ಆವರ್ತ ಸಾಲಕ್ಕೆ ಹೇಳಿ ಮಾಡಿಸಿದಂತಹ ಕಸುಬು ಹೈನುಗಾರಿಕೆ.

ಒಂದೇ ಮನೆಯಲ್ಲಿ ಎರಡು ಕಾರ್ಡು

ಬೆಳ್ಳಂದೂರು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. ಹೊರವರ್ತುಲ ರಸ್ತೆಯ ಎರಡು ಬದಿಗೂ ಸಾಫ್ಟ್‌ವೇರ್ ಕಚೇರಿಗಳು ಎದ್ದವು. ಇಂತಹ ಊರುಗಳಲ್ಲಿ ತಂದೆಯ ಬಳಿ ಕಿಸಾನ್ ಕಾರ್ಡು, ಕೆಲಸಕ್ಕೆ ಹೋಗುವ ಮಗನ ಬಳಿ ಬ್ಯಾಂಕಿನ ಕ್ರೆಡಿಟ್ ಕಾರ್ಡು ಇರುವುದು ಸಾಮಾನ್ಯ. ಎರಡೂ ಆವರ್ತ ಸಾಲವೇ. ಆದರೆ ಎರಡರ ಬಡ್ಡಿಗೆ ಅಜಗಜಾಂತರ.

ಮಗನ ಕಾರ್ಡಿನಲ್ಲಿ ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದರೆ ಕೊಂಡ ವಸ್ತುಗಳ ಮೇಲೆ ಬಡ್ಡಿಯೇ ಇಲ್ಲ. ಅಷ್ಟರಮಟ್ಟಿಗೆ ಅದು ಒಳ್ಳೆಯ ಅನುಕೂಲ. ತೊಡಕಿರುವುದು ಬಿಲ್ಲಿನಲ್ಲಿ ಬರೆದಿರುವ ‘ಕನಿಷ್ಠ ಪಾವತಿ’ ಎಂಬ ಸಾಲಿನಲ್ಲಿ. 50,000 ರೂ. ಬಾಕಿಗೆ ಶೇಕಡಾ 5ರಂತೆ 2,500 ರೂ. ಕಟ್ಟಿದರೆ ಸಾಕು ಎಂದು ಅಲ್ಲಿರುತ್ತದೆ. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 1,750 ರೂ., ಆ ಬಡ್ಡಿಯ ಮೇಲೆ ಶೇಕಡಾ 18ರ ಜಿ.ಎಸ್.ಟಿ. 315 ರೂ. ಅಂದರೆ ಕಟ್ಟಿದ 2,500ರಲ್ಲಿ ಅಸಲಿಗೆ ಹೋದದ್ದು 435 ರೂ. ಮಾತ್ರ. ತಿಂಗಳಿಗೆ 3.5 ಎಂದರೆ ವರ್ಷಕ್ಕೆ ಶೇಕಡಾ 42. ಪೂರ್ತಿ ಕಟ್ಟದಿದ್ದರೆ ಬಡ್ಡಿಯನ್ನು ಗಡುವಿನ ದಿನದಿಂದಲ್ಲ, ವಸ್ತು ಕೊಂಡ ದಿನದಿಂದಲೇ ಹಿಡಿಯುತ್ತಾರೆ. ಆ ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ತಂದೆಯದು ಶೇಕಡಾ 4, ಮಗನದು 42. ಹಾಗಾದರೆ ತಂದೆಯ ಕಾರ್ಡಿನಿಂದ ತೆಗೆದು ಮಗನದನ್ನು ತೀರಿಸಿದರೆ ಲಾಭವಲ್ಲವೇ ಎಂಬ ಯೋಚನೆ ಬರುವುದು ಸಹಜ. ಕಾಗದದ ಮೇಲೆ ಲಾಭವೇ. ಆದರೆ ಬೆಳೆಗೆ ಹಾಕಿದ ಹಣ ಬೆಳೆಯ ರೂಪದಲ್ಲಿ ಮರಳಿ ಬರುತ್ತದೆ. ಕಾರ್ಡಿನ ಬಿಲ್ಲಿಗೆ ಹೋದ ಹಣ ಮಗನ ಸಂಬಳದಿಂದಲೇ ಬರಬೇಕು. ಅದು 12 ತಿಂಗಳೊಳಗೆ ಬಾರದಿದ್ದರೆ ಸುಸ್ತಿದಾರನಾಗುವವನು ತಂದೆ. ಬಡ್ಡಿ ಸಹಾಯಧನ ಕೊಟ್ಟಿರುವುದು ಬೇಸಾಯಕ್ಕೆಂದು ಎಂಬುದೂ ನೆನಪಿರಲಿ.

ಈ ಭಾಗದಲ್ಲಿ ಇದಕ್ಕಿಂತಲೂ ಹೆಚ್ಚು ಅಪಾಯದ ಆಸೆ ಬಾಡಿಗೆ ಕೋಣೆ ಕಟ್ಟಿಸುವುದು. ಬೆಳೆ ಸಾಲದ ಹಣದಲ್ಲಿ ಎರಡು ಕೋಣೆ ಎಬ್ಬಿಸಿದರೆ ಬಾಡಿಗೆ ಬರುವುದೇನೋ ನಿಜ. ಆದರೆ ಗೋಡೆಗೆ ಹಾಕಿದ ಹಣ ಹಲವು ವರ್ಷಗಳಲ್ಲಿ ಮರಳುವಂಥದು, ಸಾಲದ ಗಡುವು ಒಂದು ವರ್ಷದ್ದು. ಮೊದಲ ವರ್ಷದ ಬಾಡಿಗೆಯಿಂದ ಅಸಲು ಏಳುವುದಿಲ್ಲ. ಅಲ್ಲಿಗೆ ಲೇವಾದೇವಿಗಾರನ ಮನೆಯ ದಾರಿ ತೆರೆಯುತ್ತದೆ. ಕಟ್ಟಡಕ್ಕೆ ಕಟ್ಟಡದ ಸಾಲವನ್ನೇ, ಕಂತಿನ ಲೆಕ್ಕದಲ್ಲಿಯೇ ತೆಗೆದುಕೊಳ್ಳುವುದು ಮೇಲು, ಬಡ್ಡಿ ಹೆಚ್ಚಾದರೂ ಸರಿ.

ಪಹಣಿಯ ತೊಡಕುಗಳು

ಪಟ್ಟಣದ ಅಂಚಿನ ಜಮೀನುಗಳಲ್ಲಿ ಬೇಸಾಯ ಮಾಡುವವರೇ ಬೇರೆ, ಪಹಣಿಯಲ್ಲಿ ಹೆಸರಿರುವವರೇ ಬೇರೆ ಆಗಿರುವುದುಂಟು. ಬಾಯಿ ಮಾತಿನ ಗುತ್ತಿಗೆಯವರೂ ವಾರಕ್ಕೆ ಮಾಡುವವರೂ ಈ ಕಾರ್ಡಿಗೆ ಅರ್ಹರೆಂದು ರಿಸರ್ವ್ ಬ್ಯಾಂಕಿನ ಸೂಚನೆಯಲ್ಲಿದೆ. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿರುವುದರಿಂದ ಗುತ್ತಿಗೆಯ ಕಾಗದ ಯಾರೂ ಬರೆದುಕೊಡುವುದಿಲ್ಲ. ಅಂಥವರು ನಾಲ್ಕಾರು ಮಂದಿ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಬ್ಯಾಂಕಿಗೆ ಹೋಗುವ ದಾರಿಯಿದೆ. ಗುಂಪಿನಲ್ಲಿ ಒಬ್ಬರು ತಪ್ಪಿದರೆ ಉಳಿದವರು ಹೊಣೆ. ಆದ್ದರಿಂದ ನೆಂಟಸ್ತನ ನೋಡಿ ಸೇರಿಸಿಕೊಳ್ಳದೆ, ಕೈ ಮಾತು ಉಳಿಸಿಕೊಳ್ಳುವವರನ್ನು ನೋಡಿ ಸೇರಿಸಿಕೊಳ್ಳಬೇಕು.

ಸ್ವಂತ ಜಮೀನಿನವರು ಪಹಣಿ, ಆಧಾರ್, ಬೆಳೆಯ ವಿವರ ಮತ್ತು ಫ್ರೂಟ್ಸ್ ನೋಂದಣಿಯ ಸಂಖ್ಯೆಯೊಂದಿಗೆ ಶಾಖೆಗೆ ಹೋಗಬೇಕು. ತಂದೆಯ ಹೆಸರಿನಲ್ಲೇ ಉಳಿದಿರುವ ಪಹಣಿಗಳಿಗೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳುವುದು ಅವಶ್ಯಕ. ಭೂಪರಿವರ್ತನೆಯಾದ ಗುಂಟೆಗಳಿಗೆ ಬೆಳೆ ಸಾಲವಿಲ್ಲ. ಐದು ವರ್ಷದ ನಡುವೆ ಒಂದಷ್ಟು ಜಮೀನು ಪರಿವರ್ತನೆಯಾದರೆ ಅಥವಾ ಮಾರಾಟವಾದರೆ ಮಿತಿಯೂ ಅಷ್ಟಕ್ಕೆ ಇಳಿಯುತ್ತದೆ. ಇದನ್ನು ಬ್ಯಾಂಕಿಗೆ ತಿಳಿಸದೆ ಹಳೆಯ ಮಿತಿಯವರೆಗೆ ತೆಗೆಯುತ್ತ ಹೋದವರಿಗೆ ನವೀಕರಣದ ದಿನ ಹೆಚ್ಚಿನ ಹಣವನ್ನು ಒಮ್ಮೆಗೇ ಕಟ್ಟುವ ಪ್ರಸಂಗ ಬರುತ್ತದೆ.

ಜಮೀನನ್ನು ಆಧಾರವಾಗಿ ಕೊಟ್ಟಿದ್ದರೆ ಸಾಲದ ವಿವರ ಪಹಣಿಯ ಋಣಗಳ ಕಾಲಂನಲ್ಲಿ ದಾಖಲಾಗಿರುತ್ತದೆ. ಬಾಕಿ ಸೊನ್ನೆಯಾದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಮಿತಿ ಜೀವಂತವಿರುವವರೆಗೆ ಋಣವೂ ಜೀವಂತ. ಕಾರ್ಡು ಇನ್ನು ಬೇಡವೆಂದಾದರೆ ಖಾತೆಯನ್ನು ಮುಚ್ಚುವಂತೆ ಬರವಣಿಗೆಯಲ್ಲಿ ಕೇಳಿ, ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು, ಪಹಣಿಯಿಂದ ನಮೂದು ತೆಗೆಸಿ, ಹೊಸ ಪಹಣಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡ ಮೇಲೆಯೇ ಆ ಸಾಲ ಮುಗಿದಂತೆ.